ಅರಮನೆಯಿಂದ ಹಿಂದಿನ ಬೆಂಚಿಗೆ: ಸೋರುವ ಕಿವಿಯ ಇತಿಹಾಸ

ನಾವು ಓದಿದ ಶಾಲೆಗಳು ಬೇರೆ ಬೇರೆ, ಜಿಲ್ಲೆಗಳೂ ಬೇರೆ. ಆದರೆ ಒಂದು ದಿನ ಎಲ್ಲರೂ ಮಾತಿಗೆ ಕೂತಾಗ ಗೊತ್ತಾಯಿತು, ಪ್ರತಿಯೊಬ್ಬರ ತರಗತಿಯಲ್ಲೂ ಕಿವಿ ಸೋರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದರು. ಕಿವಿಗೆ ಹತ್ತಿ ಉಂಡೆ ತುರುಕಿಕೊಂಡು ಬರುತ್ತಿದ್ದ ಮಗು. ಮಳೆಗಾಲದಲ್ಲಿ ಹತ್ತಿರ ಹೋದರೆ ವಾಸನೆ. ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲವಾಗಿ ಆ ಮಗುವಿಗೆ ಹಿಂದಿನ ಬೆಂಚು ಖಾಯಂ. ಹಿಂದಿನ ಬೆಂಚಿಗೆ ಹೋದ ಮೇಲೆ ಮೇಷ್ಟ್ರು ಹೇಳಿದ್ದು ಅರ್ಧಂಬರ್ಧ ಕೇಳಿಸುತ್ತಿತ್ತು. ಪ್ರಶ್ನೆ ಕೇಳಿದರೆ ಪಿಳಿಪಿಳಿ ನೋಡುತ್ತಿತ್ತು. ವರ್ಷ ಕಳೆಯುವುದರೊಳಗೆ 'ದಡ್ಡ' ಅನ್ನಿಸಿಕೊಳ್ಳುತ್ತಿತ್ತು. ಹಾಜರಿ ಪುಸ್ತಕದಲ್ಲಿ ಇದ್ದ ಹೆಸರು ಅಲ್ಲೇ ಉಳಿದು, ಆಟದ ಬಯಲಲ್ಲಿ 'ಕೆಪ್ಪ' ಎಂಬುದೇ ಹೆಸರಾಗುತ್ತಿತ್ತು. ನಾವೂ ಹಾಗೆ ಕರೆದಿದ್ದೇವೆ, ಮುಚ್ಚಿಡುವುದು ಏನಿದೆ.

ಮನೆಯವರನ್ನು ಕೇಳಿದರೆ ಉತ್ತರ ಎಲ್ಲ ಕಡೆಯೂ ಒಂದೇ. "ಏನಿಲ್ಲ ಬಿಡ್ರಿ, ಸ್ವಲ್ಪ ಕಿವಿ ಸೋರ್ತದೆ. ಕೆಟ್ಟದ್ದು ಹೊರಗೆ ಹೋದ್ರೆ ಒಳ್ಳೇದಲ್ವಾ? ದೊಡ್ಡವನಾದ ಮೇಲೆ ತಾನೇ ನಿಲ್ತದೆ."

ಈ "ಏನಿಲ್ಲ ಬಿಡ್ರಿ" ಎಂಬುದು ನಮ್ಮ ಹಳ್ಳಿಗಳ ತಿಳಿವಳಿಕೆಯ ಕೊರತೆ ಎಂದೇ ನಾವು ಬಹುಕಾಲ ಅಂದುಕೊಂಡಿದ್ದೆವು. ವೈದ್ಯಕೀಯದ ಇತಿಹಾಸ ಓದತೊಡಗಿದ ಮೇಲೆ ಗೊತ್ತಾಗಿದ್ದು ಬೇರೆ. ಯುರೋಪಿನ ದೊಡ್ಡ ದೊಡ್ಡ ವೈದ್ಯರು ಶತಮಾನಗಟ್ಟಲೆ ಹೆಚ್ಚುಕಡಿಮೆ ಇದನ್ನೇ ಹೇಳಿಕೊಂಡು ಬಂದಿದ್ದರು. ಆಗ ಈ ಕಾಯಿಲೆಗೆ ಬಡವ ಬಲ್ಲಿದ ಎಂಬ ಭೇದವೂ ಇರಲಿಲ್ಲ. ಆದ್ದರಿಂದ ಕಥೆಯನ್ನು ಒಂದು ಅರಮನೆಯಿಂದಲೇ ಶುರು ಮಾಡುತ್ತೇವೆ.

1559ರಲ್ಲಿ ಫ್ರಾನ್ಸಿನ ಸಿಂಹಾಸನಕ್ಕೆ ಬಂದ ಎರಡನೇ ಫ್ರಾನ್ಸಿಸ್‌ಗೆ ಆಗ 15 ವರ್ಷ. ಚಿಕ್ಕಂದಿನಿಂದ ನೆಗಡಿ, ಕಿವಿನೋವು ಬಿಡದೆ ಕಾಡಿದ ಹುಡುಗ. ಹೆಂಡತಿ ಸ್ಕಾಟ್ಲೆಂಡಿನ ರಾಣಿ ಮೇರಿ. 1560ರ ನವೆಂಬರಿನಲ್ಲಿ ಓರ್ಲಿಯನ್ಸ್ ನಗರದಲ್ಲಿ ಇದ್ದಾಗ ರಾಜ ಇದ್ದಕ್ಕಿದ್ದಂತೆ ಕುಸಿದುಬಿದ್ದ. ಕಿವಿಯ ಹಿಂದೆ ಬಾವು, ಕಿವಿಯಿಂದ ಕೀವು, ಜ್ವರ, ತಲೆ ಸಿಡಿಯುವ ನೋವು. ಆ ಕಾಲದ ಅತ್ಯಂತ ಹೆಸರಾಂತ ಶಸ್ತ್ರವೈದ್ಯ ಆಂಬ್ರವಾಸ್ ಪಾರೆ ಆಸ್ಥಾನದಲ್ಲೇ ಇದ್ದ. ಇದ್ದರೂ ಏನೂ ನಡೆಯಲಿಲ್ಲ. ಡಿಸೆಂಬರ್ 5ರಂದು ರಾಜ ತೀರಿಕೊಂಡ. 17 ತುಂಬಲು ಇನ್ನೂ ಒಂದೂವರೆ ತಿಂಗಳಿತ್ತು. ಪಾರೆಯೇ ರಾಜನ ಕಿವಿಗೆ ವಿಷ ಹಾಕಿದ ಎಂಬ ಗುಲ್ಲೂ ಎದ್ದಿತು. ದೊಡ್ಡವರ ಮನೆಯ ಸಾವಿಗೆ ಯಾವ ಕಾಲದಲ್ಲೂ ಒಂದು ಪಿತೂರಿಯ ಕಥೆ ಬೇಕೇ ಬೇಕು.

ಒಂದು ಕಿವಿ ಸೋರಿದ್ದಕ್ಕೆ ಎಷ್ಟೆಲ್ಲ ಆಯಿತು ನೋಡಿ. ಮರಣದಂಡನೆಗೆ ಕಾಯುತ್ತ ಸೆರೆಯಲ್ಲಿದ್ದ ಪ್ರಾಟೆಸ್ಟಂಟ್ ನಾಯಕ ಕೊಂಡೆಯ ರಾಜಕುಮಾರ ಲೂಯಿ ಬದುಕಿಕೊಂಡ. ಹತ್ತು ವರ್ಷದ ತಮ್ಮ ರಾಜನಾದ, ತಾಯಿ ಕ್ಯಾಥರೀನ್ ದ ಮೆಡಿಚಿಯ ಕೈಗೆ ಆಡಳಿತ ಬಂತು. ವಿಧವೆ ಮೇರಿ ಮರುವರ್ಷ ಸ್ಕಾಟ್ಲೆಂಡಿಗೆ ಹಡಗು ಹತ್ತಿದಳು. ಅಲ್ಲಿಂದ ಮುಂದೆ ಅವಳ ಪಾಡು ಏನಾಯಿತು ಎಂಬುದು ಇಂಗ್ಲೆಂಡಿನ ಇತಿಹಾಸ ಓದಿದವರಿಗೆ ಗೊತ್ತು.

ರಾಜನ ಸುತ್ತ ಇದ್ದ ವೈದ್ಯರಿಗೆ ಕಿವಿನೋವು ಕೊಲ್ಲಬಲ್ಲದು ಎಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕ್ರಿಸ್ತಪೂರ್ವ 400ರ ಸುಮಾರಿಗೆ ಗ್ರೀಸಿನ ಹಿಪೊಕ್ರೆಟಿಸ್‌ನ ಹೆಸರಿನಲ್ಲಿ ಬಂದ ಬರಹಗಳಲ್ಲೇ ಆ ಎಚ್ಚರಿಕೆ ಇದೆ. ಕಿವಿ ತೀವ್ರವಾಗಿ ನೋಯುತ್ತ ಜ್ವರ ಬಿಡದೆ ಕಾದರೆ ಅಪಾಯ, ರೋಗಿ ಬಡಬಡಿಸಿ ಸಾಯಬಹುದು, ಎಳೆಯರು ಏಳು ದಿನದೊಳಗೇ ಹೋಗಿಬಿಡುತ್ತಾರೆ ಎಂದು ಅಲ್ಲಿ ಹೇಳಿದೆ. ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ. ಕಿವಿಯಿಂದ ಬಿಳಿ ಕೀವು ಹರಿದು ಬಂದರೆ ರೋಗಿ ಬದುಕುವ ಆಸೆ ಇಟ್ಟುಕೊಳ್ಳಬಹುದು.

ನಮ್ಮ ಮಟ್ಟಿಗೆ ಇಡೀ ಇತಿಹಾಸದ ಗಂಟು ಇರುವುದು ಈ ಎರಡನೇ ಮಾತಿನಲ್ಲಿ. ಅದು ಸುಳ್ಳಲ್ಲ. ರಾತ್ರಿಯಿಡೀ ಕಿವಿ ಹಿಡಿದು ಅತ್ತ ಮಗು ಬೆಳಗಿನ ಜಾವ ನಿದ್ದೆ ಹೋಗುತ್ತದೆ. ಎದ್ದು ನೋಡಿದರೆ ದಿಂಬಿನ ಮೇಲೆ ಕೀವಿನ ಕಲೆ. ತಮಟೆ ಒಡೆದು ಒಳಗಿನ ಒತ್ತಡ ಇಳಿದಿದೆ, ನೋವು ನಿಂತಿದೆ. ಅಪ್ಪ ಅಮ್ಮ ನಿಟ್ಟುಸಿರು ಬಿಡುತ್ತಾರೆ. ಬಹಳ ಸಲ ಆ ತೂತು ಒಂದೆರಡು ವಾರದಲ್ಲಿ ಮುಚ್ಚಿಕೊಳ್ಳುತ್ತದೆ ಕೂಡ. ಆದರೆ ಮುಚ್ಚಿಕೊಳ್ಳದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೋರುವ ಕಿವಿ ಬೇರೆಯೇ ಕಾಯಿಲೆ. ಅದಕ್ಕೆ ನೋವಿಲ್ಲ. ನೋವಿಲ್ಲದ್ದಕ್ಕೆ ಯಾರು ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆ? ಮೊದಲನೇ ಕಾಯಿಲೆಗೆ ನಿಜವಾದ ಮಾತನ್ನು ಜನ ಎರಡನೆಯದಕ್ಕೂ ಹಚ್ಚಿದರು. ಜನ ಮಾತ್ರ ಏಕೆ, ವೈದ್ಯರೂ ಹಚ್ಚಿದರು.

ನಮ್ಮ ಕಡೆಯ ಹಳೆಯ ಗ್ರಂಥಗಳನ್ನೂ ನೋಡಿದೆವು. ಸುಶ್ರುತ ಸಂಹಿತೆಯಲ್ಲಿ ಕಿವಿಯ ರೋಗಗಳು 28. ಕಿವಿ ಸೋರುವುದಕ್ಕೆ ಕರ್ಣಸ್ರಾವ, ವಾಸನೆ ಬರುವ ಕೀವಿಗೆ ಪೂತಿಕರ್ಣ ಎಂದು ಬೇರೆ ಬೇರೆ ಹೆಸರುಗಳೇ ಇವೆ. ಚಿಕಿತ್ಸೆ ಹೇಳುವಾಗ ಕಿವಿ ತುಂಬುವುದರ ಜೊತೆಗೆ ಹೊಗೆ ಕೊಡುವುದು, ಒರೆಸುವುದು, ತೊಳೆಯುವುದು ಎಲ್ಲವನ್ನೂ ಹೇಳಿ, ನೋಡಿ ನೋಡಿ ಬಳಸಬೇಕು ಎಂಬ ಎಚ್ಚರಿಕೆಯನ್ನೂ ಸೇರಿಸಿದೆ. ನಮ್ಮ ಮನೆಗಳಿಗೆ ಬರುವ ಹೊತ್ತಿಗೆ ಒರೆಸುವುದು ಬಿಟ್ಟುಹೋಯಿತು, ನೋಡುವುದೂ ಬಿಟ್ಟುಹೋಯಿತು, ತುಂಬುವುದು ಮಾತ್ರ ಉಳಿಯಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಎಲೆಯ ರಸ, ಕೆಲವು ಕಡೆ ಎದೆಹಾಲು. ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಗುಗ್ಗೆ ತೆಗೆಯುವವರು ಕೂಡ ಕಡ್ಡಿ ಆಡಿಸಿ ಕೊನೆಗೆ ಎರಡು ಹನಿ ಎಣ್ಣೆ ಬಿಡದೆ ಕಳಿಸುತ್ತಿರಲಿಲ್ಲ.

ಕೀವು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ನಿಧಾನವಾಗಿಯೇ. ಫ್ರಾನ್ಸಿಸ್ ಸತ್ತ ಎರಡು ವರ್ಷಕ್ಕೆ, 1562ರಲ್ಲಿ, ಇಟಲಿಯ ಬಾರ್ತೊಲೊಮಿಯೊ ಯೂಸ್ಟಾಕಿ ಕಿವಿಯ ರಚನೆಯ ಬಗ್ಗೆ ಒಂದು ಬರಹ ಬರೆದ. ತಮಟೆಯ ಹಿಂದಿರುವ ಪುಟ್ಟ ಕೋಣೆಯಿಂದ, ಅಂದರೆ ನಡುಗಿವಿಯಿಂದ, ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಕೆ ಹೋಗುತ್ತದೆ ಎಂದು ವಿವರವಾಗಿ ತೋರಿಸಿದ. ಘಟ್ಟ ಹತ್ತುವಾಗ, ಇಳಿಯುವಾಗ ಕಿವಿ ಮುಚ್ಚಿದಂತಾಗಿ ಉಗುಳು ನುಂಗಿದರೆ ಟಪ್ಪನೆ ಬಿಡುತ್ತದಲ್ಲ, ಅದು ಈ ನಳಿಕೆಯ ಕೆಲಸ. ಇಂದಿಗೂ ಅದಕ್ಕೆ ಅವನದೇ ಹೆಸರು, ಯೂಸ್ಟೇಶಿಯನ್ ನಳಿಕೆ.

ಮಕ್ಕಳಿಗೇ ಏಕೆ ಇಷ್ಟು ಕಿವಿ ಸೋರುತ್ತದೆ ಎಂಬುದರ ಗುಟ್ಟು ಈ ನಳಿಕೆಯಲ್ಲಿದೆ. ಹಸುಗೂಸಿನಲ್ಲಿ ಅದರ ಉದ್ದ ದೊಡ್ಡವರಲ್ಲಿ ಇರುವುದರ ಅರ್ಧದಷ್ಟು. ದೊಡ್ಡವರಲ್ಲಿ ಇಳಿಜಾರಾಗಿರುತ್ತದೆ, ಮಗುವಿನಲ್ಲಿ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿರುತ್ತದೆ. ನೆಗಡಿಯಾದಾಗ ನಳಿಕೆ ಊದಿಕೊಂಡು ಮುಚ್ಚುತ್ತದೆ, ಒಳಗೆ ನೀರು ಕೂಡುತ್ತದೆ, ಮೂಗು ಗಂಟಲಿನ ಸೂಕ್ಷ್ಮಜೀವಿಗಳು ಅಲ್ಲಿಗೆ ಹತ್ತಿ ಕೀವಾಗುತ್ತದೆ. ಒಟ್ಟಿನಲ್ಲಿ ಮಗುವಿನ ಕಿವಿಯ ಸೋಂಕು ಬರುವುದು ಹೊರಗಿನಿಂದ ಅಲ್ಲ, ಮೂಗಿನ ಹಿಂದಿನ ದಾರಿಯಿಂದ. "ಕೆರೆಯಲ್ಲಿ ಈಜಿದೆ, ತಲೆ ಮೇಲೆ ನೀರು ಹಾಕೊಂಡೆ, ಅದಕ್ಕೇ ಕಿವಿ ಸೋರ್ತಿದೆ" ಎಂದು ಬೈಸಿಕೊಂಡ ಮಕ್ಕಳೆಷ್ಟೋ. ತಮಟೆ ಗಟ್ಟಿಯಿರುವ ಕಿವಿಗೆ ನೀರು ಹೋದರೆ ನಡುಗಿವಿಗೆ ಇಳಿಯುವುದಿಲ್ಲ. ತಮಟೆಯಲ್ಲಿ ಆಗಲೇ ತೂತಿದ್ದರೆ ಮಾತ್ರ ಕೆರೆ ನೀರು ಕಾಯಿಲೆಯನ್ನು ಮತ್ತೆ ಕೆದಕುತ್ತದೆ.

ಈ ನಳಿಕೆಗೆ ಯೂಸ್ಟಾಕಿಯ ಹೆಸರಿಟ್ಟವನು ಬೊಲೊನಾದ ಅಂಟೋನಿಯೊ ವಾಲ್ಸಾಲ್ವ. ಮೂಗು ಬಾಯಿ ಮುಚ್ಚಿ ಗಾಳಿ ಒತ್ತುವ ಉಪಾಯವನ್ನು ಅವನು 1704ರಲ್ಲಿ ಬರೆದ. ವಿಮಾನದಲ್ಲಿ ಕಿವಿ ಬಿಡಿಸಿಕೊಳ್ಳಲು ಈಗ ಎಲ್ಲರೂ ಮಾಡುವುದನ್ನು ಅವನು ಹೇಳಿದ್ದು ನಡುಗಿವಿಯ ಕೀವನ್ನು ಹೊರತಳ್ಳಲು. ಅವನ ಶಿಷ್ಯ ಮೊರ್ಗಾನಿ ಇನ್ನೂ ದೊಡ್ಡ ಕೆಲಸ ಮಾಡಿದ. ಕಿವಿ ಸೋರುತ್ತಿದ್ದವರು ಸತ್ತಾಗ ತಲೆಬುರುಡೆ ತೆರೆದರೆ ಮೆದುಳಿನಲ್ಲೂ ಕೀವು ಕಾಣುತ್ತಿತ್ತು. ಮೆದುಳಿನ ಕೀವೇ ಕಿವಿಯ ಮೂಲಕ ಹರಿದು ಹೋಗುತ್ತಿದೆ, ಹೋಗಲಿ ಬಿಡಿ ಎಂಬುದು ಅಲ್ಲಿಯವರೆಗಿನ ವಿವರಣೆ. ಮೊರ್ಗಾನಿ 1761ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಅದನ್ನು ತಲೆಕೆಳಗು ಮಾಡಿದ. ಮೊದಲು ಕೊಳೆಯುವುದು ಕಿವಿ, ಅಲ್ಲಿಂದ ತೆಳು ಮೂಳೆಯನ್ನು ತಿಂದುಕೊಂಡು ಕೀವು ಮೆದುಳಿಗೆ ಹೋಗುತ್ತದೆ. 'ಕೆಟ್ಟದ್ದು ಹೊರಗೆ ಹೋಗುತ್ತಿದೆ' ಎಂದು ಸುಮ್ಮನಿದ್ದವರ ಮನೆಯಲ್ಲಿ ಅದು ಒಳಗೂ ಹೋಗುತ್ತಿತ್ತು.

ಗೊತ್ತಾಯಿತು, ಸರಿ. ಮಾಡುವುದೇನು? ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬು ಮೂಳೆ ಇದೆಯಲ್ಲ, ಅದರೊಳಗೆ ಜೇನುಹುಟ್ಟಿನ ಹಾಗೆ ಗೂಡುಗಳಿವೆ. ನಡುಗಿವಿಯ ಕೀವು ಅಲ್ಲಿಗೂ ತುಂಬಿಕೊಳ್ಳುತ್ತದೆ. ಪ್ಯಾರಿಸಿನ ಜಾನ್ ಲೂಯಿ ಪೆಟಿ 18ನೇ ಶತಮಾನದ ಮೊದಲ ಅರ್ಧದಲ್ಲೇ ಆ ಮೂಳೆ ಕೊರೆದು ಕೀವು ತೆಗೆದಿದ್ದ. ಆಮೇಲೆ ಒಂದು ಎಡವಟ್ಟಾಯಿತು. ಡೆನ್ಮಾರ್ಕ್ ಆಸ್ಥಾನದ ವೈದ್ಯ ಬೆರ್ಗರ್ ತನಗೆ ಕಿವಿ ಮಂದವಾಗಿದೆ, ಒಳಗೆ ಸದ್ದು ಕೇಳುತ್ತದೆ ಎಂದು 1791ರಲ್ಲಿ ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಅವನ ತೊಂದರೆಗೆ ಅದು ಬೇಕಾಗಿಯೇ ಇರಲಿಲ್ಲ. ಗಾಯಕ್ಕೆ ನಂಜಾಗಿ ಕೆಲವೇ ದಿನಗಳಲ್ಲಿ ಸತ್ತ. ದೊಡ್ಡ ಮನುಷ್ಯ ಸತ್ತಿದ್ದರಿಂದ ಸುದ್ದಿ ದೊಡ್ಡದಾಯಿತು. ಮುಂದಿನ ಎಂಬತ್ತು ವರ್ಷ ಯುರೋಪಿನಲ್ಲಿ ಆ ಮೂಳೆಗೆ ಕೈಹಾಕಲು ಹೆಚ್ಚಿನವರು ಹೆದರಿದರು. ತಪ್ಪಾಗಿ ಮಾಡಿದ ಒಂದು ಆಪರೇಷನ್ನಿನಿಂದಾಗಿ, ಸರಿಯಾಗಿ ಬೇಕಾಗಿದ್ದ ಎಷ್ಟು ಮಕ್ಕಳು ಸತ್ತರೋ ಲೆಕ್ಕ ಇಟ್ಟವರಿಲ್ಲ.

ಈ ನಡುವೆ ಐರ್ಲೆಂಡಿನ ಡಬ್ಲಿನ್‌ನಲ್ಲಿ ವಿಲಿಯಂ ವೈಲ್ಡ್ ಎಂಬ ವೈದ್ಯ ಬಡವರಿಗಾಗಿ ಕಣ್ಣು, ಕಿವಿಯ ಆಸ್ಪತ್ರೆ ನಡೆಸುತ್ತಿದ್ದ. 1853ರಲ್ಲಿ ಕಿವಿ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. ಕಿವಿ ಸೋರುವುದನ್ನು ನಿಲ್ಲಿಸಿದರೆ ರೋಗ ಒಳಗೆ ಸೇರಿಕೊಂಡೀತು ಎಂದು ವೈದ್ಯರೇ ಹೆದರಿಸುತ್ತಿದ್ದ ಕಾಲ ಅದು. ವೈಲ್ಡ್ ಬರೆದದ್ದರ ಸಾರ ಇಷ್ಟು: ಕಿವಿ ಸೋರುತ್ತಿರುವವರೆಗೆ ಅದು ಎಲ್ಲಿ, ಯಾವಾಗ, ಹೇಗೆ ಮುಗಿಯುತ್ತದೆ ಎಂದು ಯಾರೂ ಹೇಳಲಾಗದು. ಕಿವಿಯ ಹಿಂದೆ ಬಾವು ಬಂದಾಗ ಅವನು ಕೊಯ್ದು ಕೀವು ಬಿಡಿಸುತ್ತಿದ್ದ ರೀತಿಗೆ ಇಂದಿಗೂ ಅವನ ಹೆಸರಿದೆ.

ಪುಸ್ತಕ ಬಂದ ಮರುವರ್ಷ ಅವನಿಗೆ ಒಬ್ಬ ಮಗ ಹುಟ್ಟಿದ. ಆಸ್ಕರ್ ವೈಲ್ಡ್. ಹೌದು, ಆ ಸಾಹಿತಿಯೇ. 1895ರಲ್ಲಿ ಎರಡು ವರ್ಷದ ಕಠಿಣ ಸಜೆಗೆ ಹೋದ ಆಸ್ಕರ್ ಜೈಲಿನಲ್ಲಿ ಬಿದ್ದು ಬಲಗಿವಿಗೆ ಪೆಟ್ಟು ಮಾಡಿಕೊಂಡ. 1896ರಲ್ಲಿ ಸರ್ಕಾರಕ್ಕೆ ಬರೆದ ಅರ್ಜಿಯಲ್ಲಿ ಕಿವಿಯ ಕಾಯಿಲೆಗೆ ಸರಿಯಾದ ಚಿಕಿತ್ಸೆ ಸಿಗುತ್ತಿಲ್ಲ ಎಂದು ಅಲವತ್ತುಕೊಂಡ. ಬಿಡುಗಡೆಯಾದ ಮೇಲೂ ಕಿವಿ ವಾಸಿಯಾಗಲಿಲ್ಲ. 1900ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಹೋಟೆಲ್ ಕೋಣೆಯಲ್ಲೇ ಶಸ್ತ್ರಚಿಕಿತ್ಸೆ ನಡೆಯಿತು. ನವೆಂಬರ್ 30ರಂದು ಮೆದುಳಿನ ಉರಿಯೂತದಿಂದ ತೀರಿಕೊಂಡ, 46ನೇ ವಯಸ್ಸಿಗೆ. ಸಾವಿಗೆ ಬೇರೆ ಕಾರಣ ಹೇಳುವವರೂ ಇದ್ದಾರೆ, ಆದರೆ ಆಗ ಅವನನ್ನು ನೋಡಿದ ವೈದ್ಯರು ಬೊಟ್ಟು ಮಾಡಿದ್ದು ಹಳೆಯ ಕಿವಿಯ ಕಡೆಗೇ. ಅಪ್ಪ ಬರೆದ ಎಚ್ಚರಿಕೆ ಮಗನ ಮೇಲೆಯೇ ಬಂತು.

ಆಸ್ಕರ್ ಸಾಯುವ ಹೊತ್ತಿಗೆ ವೈದ್ಯಕೀಯ ಸುಮ್ಮನೇನೂ ಕೂತಿರಲಿಲ್ಲ. 1873ರಲ್ಲಿ ಜರ್ಮನಿಯ ಹಾಲೆ ನಗರದ ಹರ್ಮನ್ ಶ್ವಾರ್ಟ್ಸ ತನ್ನ ಸಹಾಯಕನ ಜೊತೆ, ಕಿವಿಯ ಹಿಂದಿನ ಮೂಳೆಯನ್ನು ಯಾವಾಗ ತೆರೆಯಬೇಕು, ಉಳಿಯಿಂದ ಹೇಗೆ ತೆರೆಯಬೇಕು ಎಂಬುದನ್ನು ಕ್ರಮವಾಗಿ ಬರೆದ. ಹೋದ ಮರ್ಯಾದೆ ಆ ಶಸ್ತ್ರಚಿಕಿತ್ಸೆಗೆ ಮರಳಿ ಬಂತು. ಗ್ಲಾಸ್ಗೋದ ವಿಲಿಯಂ ಮೆಕೆವನ್ 1893ರಲ್ಲಿ ಕೊಟ್ಟ ಲೆಕ್ಕ ಈಗ ಓದಿದರೂ ಬೆರಗಾಗುತ್ತದೆ. ಮೆದುಳಿನಲ್ಲಿ ಕೀವಾಗಿದ್ದ 19 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿ 18 ಮಂದಿಯನ್ನು ಉಳಿಸಿಕೊಂಡಿದ್ದ. ಪೆನಿಸಿಲಿನ್ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಕೋಪನ್‌ಹೇಗನ್‌ನ ವಿಲ್ಹೆಲ್ಮ್ ಮೈಯರ್‌ನ ಸುದ್ದಿ ನಮಗೆ ಇನ್ನೂ ಹತ್ತಿರದ್ದು ಅನ್ನಿಸಿತು. ಸದಾ ಬಾಯಿ ತೆರೆದುಕೊಂಡು ಉಸಿರಾಡುವ, ಮಂದ ಮುಖದ, ಕಿವಿ ಸರಿಯಾಗಿ ಕೇಳದ ಮಕ್ಕಳನ್ನು ಅವನು ಗಮನಿಸಿದ. ಅವರ ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಮೆದು ಗಡ್ಡೆ ಬೆಳೆದು ಗಾಳಿಯ ದಾರಿಯನ್ನೂ ಕಿವಿಯ ನಳಿಕೆಯನ್ನೂ ಅಡ್ಡಗಟ್ಟಿದೆ ಎಂದು 1868ರಲ್ಲಿ ತೋರಿಸಿದ. ತೆಗೆದ ಮೇಲೆ 'ದಡ್ಡ' ಮಕ್ಕಳಿಗೆ ಕೇಳಿಸತೊಡಗಿತು. ಅವನ ಊರಿನಲ್ಲಿ ಅವನಿಗೊಂದು ಪ್ರತಿಮೆ ಇದೆ. ಯುದ್ಧ ಗೆದ್ದವರ ಪ್ರತಿಮೆಗಳ ನಡುವೆ ಮಕ್ಕಳ ಮೂಗು ತೆರೆದವನ ಪ್ರತಿಮೆ ಒಂದಿರುವುದು ನಮಗೆ ಇಷ್ಟವಾಯಿತು.

ಇಷ್ಟಾದರೂ 20ನೇ ಶತಮಾನದ ಮೊದಲ ದಶಕಗಳಲ್ಲಿ ಶ್ರೀಮಂತ ದೇಶಗಳ ಆಸ್ಪತ್ರೆಗಳು ಕಿವಿ ಕಟ್ಟಿಕೊಂಡ ಮಕ್ಕಳಿಂದ ತುಂಬಿದ್ದವು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ 1932ರಲ್ಲಿ ದಾಖಲಾದ ಮಕ್ಕಳಲ್ಲಿ ಶೇ 27ರಷ್ಟು ಮಂದಿ ಬಂದದ್ದು ಕಿವಿಯ ಸೋಂಕಿನಿಂದ ಮತ್ತು ಅದು ಹರಡಿದ್ದರಿಂದ. ನಾಲ್ಕು ಹಾಸಿಗೆಯಲ್ಲಿ ಒಂದು. ದಡಾರ, ಕೆಂಪು ಜ್ವರಗಳ ಬೆನ್ನಿಗೇ ಕಿವಿಯ ಸೋಂಕು ಬರುತ್ತಿತ್ತು.

ಆಮೇಲೆ ನಡೆದದ್ದು ಬಲು ಬೇಗ. 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಮೊದಲ ಸಲ್ಫಾ ಔಷಧದ ಫಲಿತಾಂಶ ಪ್ರಕಟಿಸಿದ. ಹತ್ತು ವರ್ಷದೊಳಗೆ ಪೆನಿಸಿಲಿನ್ ಬಂತು. ಕಿವಿಯ ಹಿಂದಿನ ಮೂಳೆ ಕೊರೆಯುವುದೇ ದಿನನಿತ್ಯದ ಕೆಲಸವಾಗಿದ್ದ ವೈದ್ಯರ ಕೈ ಅಲ್ಲಿ ಖಾಲಿಯಾಗತೊಡಗಿತು. ಭಾರತದಲ್ಲೂ 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಸರ್ಕಾರವೇ ಪೆನಿಸಿಲಿನ್ ಕಾರ್ಖಾನೆ ಕಟ್ಟಿತು. ಕಿವಿಗಾಗಿ ಸೂಕ್ಷ್ಮದರ್ಶಕ ಬಳಸುವುದನ್ನು ಸ್ವೀಡನ್ನಿನ ಕಾರ್ಲ್ ಒಲೋಫ್ ನೀಲೆನ್ 1921ರಲ್ಲೇ ಶುರುಮಾಡಿದ್ದ. 1950ರ ದಶಕದ ಮೊದಲಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ತ್ಸೋಲ್ನರ್ ತೂತುಬಿದ್ದ ತಮಟೆಗೆ ತೇಪೆ ಹಾಕಿ ಕೇಳಿಸುವ ಹಾಗೆ ಮಾಡುವ ವಿಧಾನಗಳನ್ನು ರೂಢಿಗೆ ತಂದರು. 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ತಮಟೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಕೊಳವೆ ಕೂರಿಸಿ ಒಳಗಿನ ನೀರು ಹೊರಬರುವ ಹಾಗೆ ಮಾಡಿದ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಪಠ್ಯಪುಸ್ತಕಗಳಲ್ಲಿ ಮುಗಿಯುತ್ತದೆ ಕೂಡ. ನಮ್ಮ ತಕರಾರು ಇರುವುದು ಇಲ್ಲೇ.

ಕಾಯಿಲೆ ಮುಗಿಯಲಿಲ್ಲ, ಮನೆ ಬದಲಿಸಿತು. ನೆಗಡಿಗೇ ವೈದ್ಯರ ಬಳಿ ಹೋಗುವವರ ಮನೆಯಿಂದ ಎದ್ದು, ಹೋಗಲಾಗದವರ ಮನೆಯಲ್ಲಿ ಬೀಡುಬಿಟ್ಟಿತು. ರಾಜನನ್ನು ಕೊಂದಿದ್ದಾಗ ಅದರ ಬಗ್ಗೆ ಎಲ್ಲರೂ ಮಾತಾಡಿದ್ದರು. ಹಿಂದಿನ ಬೆಂಚಿಗೆ ಬಂದು ಕೂತ ಮೇಲೆ ಮಾತು ನಿಂತಿತು. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಹೊರತಂದ ವರದಿಯೊಂದು, ಜಗತ್ತಿನಲ್ಲಿ ಬಿಡದೆ ಕಿವಿ ಸೋರುವವರ ಸಂಖ್ಯೆ 6.5 ಕೋಟಿಯಿಂದ 33 ಕೋಟಿಯವರೆಗೆ ಇರಬಹುದು, ಅವರಲ್ಲಿ ಶೇ 60ರಷ್ಟು ಮಂದಿಗೆ ಗಣನೀಯವಾಗಿ ಕಿವಿ ಮಂದವಾಗಿದೆ ಎಂದು ಅಂದಾಜು ಮಾಡಿತು. ಅಂದಾಜಿನ ಅಗಲ ನೋಡಿದರೇ ಗೊತ್ತಾಗುತ್ತದೆ, ಯಾರೂ ಸರಿಯಾಗಿ ಎಣಿಸಿರಲಿಲ್ಲ. ಶೇ 4ಕ್ಕಿಂತ ಹೆಚ್ಚು ಜನರಲ್ಲಿ ಇದ್ದರೆ ತುರ್ತಾಗಿ ಕೈಹಾಕಬೇಕಾದ ಸಮಸ್ಯೆ ಎಂಬುದು ಅದರ ಅಳತೆ. ಆ ಸಾಲಿನಲ್ಲಿ ಭಾರತ, ಟಾಂಜಾನಿಯಾ, ಸೊಲೊಮನ್ ದ್ವೀಪಗಳ ಜೊತೆಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳೂ ಇದ್ದರು. ದೇಶ ಶ್ರೀಮಂತವಾದರೆ ಸಾಲದು, ಇಕ್ಕಟ್ಟಿನ ಮನೆಯಲ್ಲಿ ಒಬ್ಬರ ನೆಗಡಿ ಎಲ್ಲರಿಗೂ ಹರಡುವ ಕಡೆ ಕಿವಿ ಸೋರುತ್ತದೆ.

ಶೇ 4 ಎಂದರೆ 30 ಮಕ್ಕಳ ತರಗತಿಯಲ್ಲಿ ಒಂದು ಮಗು, ಸ್ವಲ್ಪ ಮೇಲೆ. ನಾವೆಲ್ಲ ಮಾತಿಗೆ ಕೂತಾಗ ಸಿಕ್ಕ ಲೆಕ್ಕವೂ ಅದೇ.

ನಮ್ಮ ರಾಜ್ಯದ ಮಟ್ಟಿಗೆ ವಿಚಿತ್ರವೆಂದರೆ, ಇದರ ಬಗ್ಗೆ ತಿಳಿದವರು ನಮ್ಮ ಮಗ್ಗುಲಲ್ಲೇ ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ದೇಶದ ಎಲ್ಲ ಕಡೆಯಿಂದ ಜನ ಕಿವಿ ಪರೀಕ್ಷೆಗೆ ಅಲ್ಲಿಗೆ ಬರುತ್ತಾರೆ. ಆದರೆ ಹಳ್ಳಿಯ ಮಗು ಅಲ್ಲಿಗೆ ತಲುಪುವುದು ಸಾಮಾನ್ಯವಾಗಿ ಕಿವುಡಾದ ಮೇಲೆ, ಸೋರುತ್ತಿರುವಾಗ ಅಲ್ಲ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 2006-07ರಲ್ಲಿ, ಅದೂ ಮೊದಲಿಗೆ ದೇಶದ 25 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ. ಫ್ರಾನ್ಸಿಸ್ ಸತ್ತು ಆಗಲೇ 446 ವರ್ಷ.

ಬಿಡದೆ ಸೋರುವ ಕಿವಿಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದದ್ದು ಯುರೋಪಿನ ಆಸ್ಪತ್ರೆಗಳಿಂದಲ್ಲ, ಕೆನ್ಯಾದ ಹಳ್ಳಿ ಶಾಲೆಗಳಿಂದ. 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಿವಿ ಸೋರುವ ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಬರೀ ಒರೆಸಿ ಒಣಗಿಸುವುದು, ಇನ್ನೊಂದಕ್ಕೆ ಒಣಗಿಸುವುದರ ಜೊತೆ ಔಷಧದ ಹನಿ ಮತ್ತು ಮಾತ್ರೆ, ಮೂರನೆಯದಕ್ಕೆ ಏನೂ ಇಲ್ಲ. 16 ವಾರದ ನಂತರ ಔಷಧ ಸಿಕ್ಕವರಲ್ಲಿ ಶೇ 51ರಷ್ಟು ಮಕ್ಕಳ ಕಿವಿ ಒಣಗಿತ್ತು. ಬರೀ ಒರೆಸಿದವರಲ್ಲಿ ಶೇ 22, ಏನೂ ಮಾಡದವರಲ್ಲೂ ಶೇ 22. ಅಂದರೆ ಒರೆಸುವುದಷ್ಟೇ ಸಾಲದು. 2005ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನದಲ್ಲಿ ಸಿಪ್ರೊಫ್ಲಾಕ್ಸಸಿನ್ ಹನಿಗಳನ್ನು ಹಳೆಯ ಬೋರಿಕ್ ಆಮ್ಲದ ಹನಿಗಳ ಜೊತೆ ಹೋಲಿಸಿದರು. ಎರಡು ವಾರಕ್ಕೆ ಮೊದಲನೆಯದರಲ್ಲಿ ಶೇ 59, ಎರಡನೆಯದರಲ್ಲಿ ಶೇ 32ರಷ್ಟು ಮಕ್ಕಳ ಕಿವಿ ನಿಂತಿತ್ತು.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ ನುಂಗಿಸಿ ಸುಮ್ಮನಾಗುವವರು ಇದನ್ನು ತಿಳಿಯಬೇಕು. ಹೊಸ ಕಿವಿನೋವು ತರುವ ಸೂಕ್ಷ್ಮಜೀವಿಗಳೇ ಬೇರೆ, ಹಳೆಯ ಸೋರುವ ಕಿವಿಯಲ್ಲಿ ಮನೆಮಾಡಿರುವವೇ ಬೇರೆ. ನೆಗಡಿ ಕೆಮ್ಮಿಗೆ ಕೊಡುವ ಮಾತ್ರೆಗೆ ಅವು ಸಾಮಾನ್ಯವಾಗಿ ಜಗ್ಗುವುದಿಲ್ಲ. ಕಿವಿಗೇ ಹಾಕುವ ಹನಿ ಬೇಕು, ಯಾವ ಹನಿ ಎಂಬುದನ್ನು ಕಿವಿಯೊಳಗೆ ನೋಡಿದ ವೈದ್ಯರು ಹೇಳಬೇಕು. ತಮಟೆ ತೂತಾಗಿರುವಾಗ ಕೆಲವು ಬಗೆಯ ಹನಿಗಳು ಒಳಗಿವಿಗೆ ಇಳಿದು ಕೇಳುವ ಶಕ್ತಿಗೇ ಹಾನಿ ಮಾಡಬಲ್ಲವು.

ತಡೆಯುವ ದಾರಿಗಳಲ್ಲಿ ದೊಡ್ಡದು ಲಸಿಕೆ. ಅದರಲ್ಲೂ ದಡಾರದ ಲಸಿಕೆ ತಪ್ಪಿಸಬಾರದು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನ್ಯೂಮೊಕಾಕಸ್ ಲಸಿಕೆ, ಅಂದರೆ ಪಿಸಿವಿ, ಅದೇ ವರ್ಷ ಬೇರೆ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶದ ಎಲ್ಲೆಡೆಗೆ ಬಂತು. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಉಚಿತವಾಗಿ ಕೊಡುತ್ತಾರೆ. ಇದರಿಂದ ಕಿವಿನೋವೇ ಬರುವುದಿಲ್ಲ ಎಂದು ನಾವು ಹೇಳುವುದಿಲ್ಲ. 2001ರ ಫಿನ್ಲೆಂಡ್ ಅಧ್ಯಯನದಲ್ಲಿ ಇದರ ಮೊದಲ ತಲೆಮಾರಿನ ಲಸಿಕೆ ಕಿವಿಯ ಸೋಂಕುಗಳನ್ನು ಒಟ್ಟಾರೆ ಕಡಿಮೆ ಮಾಡಿದ್ದು ಶೇ 6ರಷ್ಟು ಮಾತ್ರ, ನ್ಯೂಮೊಕಾಕಸ್‌ನಿಂದ ಬರುವುದನ್ನು ಶೇ 34ರಷ್ಟು. ಅದರ ದೊಡ್ಡ ಉಪಯೋಗ ನ್ಯುಮೋನಿಯಾ, ಮೆದುಳು ಜ್ವರ ತಡೆಯುವುದರಲ್ಲಿದೆ.

ಉಳಿದವು ಮನೆಯೊಳಗಿನ ಮಾತು. ಎದೆಹಾಲು ಕುಡಿದ ಮಕ್ಕಳಿಗೆ ಕಿವಿಯ ಸೋಂಕು ಕಡಿಮೆ. ಬಾಟಲಿ ಹಾಲು ಕೊಡಲೇಬೇಕಾದರೆ ಮಗುವನ್ನು ಅಂಗಾತ ಮಲಗಿಸಿ ಕೊಡಬಾರದು, ಆ ಮಟ್ಟಸವಾದ ನಳಿಕೆ ನೆನಪಿದೆಯಲ್ಲ. ಸೌದೆ ಒಲೆಯ ಹೊಗೆ, ಮನೆಯೊಳಗಿನ ಬೀಡಿ ಹೊಗೆ ಎರಡೂ ನಳಿಕೆಯನ್ನು ಊದಿಸುತ್ತವೆ. ಅಜ್ಜಿ ಹೊಗೆಯಲ್ಲೇ ಅಡುಗೆ ಮಾಡಿಕೊಂಡು ಬಂದಳು ಎಂಬ ವಾದ ನಮಗೂ ಗೊತ್ತು. ಅಜ್ಜಿಯ ಕಾಲದಲ್ಲಿ ಎಷ್ಟು ಮಕ್ಕಳ ಕಿವಿ ಸೋರುತ್ತಿತ್ತು ಎಂದು ಅಜ್ಜಿಯನ್ನೇ ಕೇಳಿ. ಪಿನ್ನು, ಬೆಂಕಿಕಡ್ಡಿ, ಕೋಳಿ ಪುಕ್ಕ ಯಾವುದೂ ಕಿವಿಯೊಳಗೆ ಹೋಗಬೇಕಾಗಿಲ್ಲ, ಗುಗ್ಗೆ ತಾನೇ ಹೊರಗೆ ಬರುತ್ತದೆ.

ಅಂಗನವಾಡಿ, ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಹೇಳಿಕೊಡುವ ಲೆಕ್ಕ ಸುಲಭದ್ದು. ಕಿವಿ ಸೋರತೊಡಗಿ 14 ದಿನದೊಳಗಿದ್ದರೆ ಹೊಸ ಸೋಂಕು, 14 ದಿನ ಆಗಿದ್ದರೆ ಹಳೆಯದು. ಎರಡಕ್ಕೂ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕಿವಿಯ ಹಿಂದೆ ಊದಿಕೊಂಡು, ಮುಟ್ಟಿದರೆ ನೋಯುತ್ತಿದ್ದರೆ ನಾಳೆಗೆ ಕಾಯುವ ಹಾಗಿಲ್ಲ, ಆವತ್ತೇ ದೊಡ್ಡಾಸ್ಪತ್ರೆ. ಫ್ರಾನ್ಸಿಸ್‌ಗೆ ಬಂದದ್ದು ಅದೇ ಬಾವು. ಕಿವಿ ಒಣಗಿದ ಮೇಲೂ ತಮಟೆಯ ತೂತು ಉಳಿದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ತೇಪೆ ಹಾಕಿಸಬಹುದು.

ಹನಿ ಹಾಕುವ ಮೊದಲು ಕಿವಿ ಒಣಗಿರಬೇಕು, ಇಲ್ಲದಿದ್ದರೆ ಔಷಧ ಕೀವಿನ ಮೇಲೆ ತೇಲುತ್ತದೆ, ಒಳಗೆ ಇಳಿಯುವುದಿಲ್ಲ. ಅದಕ್ಕೆ ದೀಪಕ್ಕೆ ಹೊಸೆಯುವ ಹಾಗೆ ಬತ್ತಿ ಹೊಸೆಯಬೇಕು. ಹಳೆಯ ಪಂಚೆಯ ಮೆತ್ತನೆ ಬಟ್ಟೆ, ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದ್ದು. ಎಣ್ಣೆ ಬೇಡ, ಕಡ್ಡಿಗೆ ಸುತ್ತುವುದೂ ಬೇಡ. ಬತ್ತಿಯನ್ನು ಮೆಲ್ಲಗೆ ಕಿವಿಯಲ್ಲಿಟ್ಟು, ಒದ್ದೆಯಾದ ಕೂಡಲೇ ತೆಗೆದು ಬಿಸಾಡಿ ಹೊಸದನ್ನು ಇಡಬೇಕು. ಬತ್ತಿ ಒಣಗಿಯೇ ಹೊರಗೆ ಬರುವವರೆಗೆ. ಆಮೇಲೆ ಹನಿ. ದಿನಕ್ಕೆ ಮೂರು ಸಲ, ಎರಡು ವಾರ. ನಡುವೆ ಕಿವಿಗೆ ಹತ್ತಿ ತುರುಕಿ ಮುಚ್ಚಬಾರದು, ಕೆರೆಗೂ ಇಳಿಯಬಾರದು. ಅಲ್ಲಿಯವರೆಗೆ ಮೇಷ್ಟ್ರು ಮಾಡಬೇಕಾದ್ದು ಒಂದಿದೆ. ಆ ಮಗುವನ್ನು ಮುಂದಿನ ಬೆಂಚಿಗೆ ಕರೆಸಿ, ಚೆನ್ನಾಗಿ ಕೇಳಿಸುವ ಕಿವಿ ತಮ್ಮ ಕಡೆಗೆ ಇರುವ ಹಾಗೆ ಕೂರಿಸುವುದು.